ಎಂಟು ಮೇಸ್ತ್ರಿಗಳ ಕಣ

ಶಿವರಾತ್ರಿ ಕಳೆದ ವಾರ ದುರುಗಪ್ಪನಿಗೆ ಯಲಬುರ್ಗಾದ ಸರಕಾರಿ ಕಚೇರಿಯೊಂದರಲ್ಲಿ ಜವಾನನ ಕೆಲಸ ಸಿಕ್ಕಿತು. ಗಂಗಾವತಿಯ ವೆಂಕೋಬಶೆಟ್ಟರ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯ ಜಾಗ ಖಾಲಿಯಾಯಿತು. ಎಂಬತ್ತೆರಡನೆಯ ಇಸವಿಯ ಮಾತು. ಬಾಯ್ಲರಿನಲ್ಲಿ ಕುದಿಸಿದ ಭತ್ತವನ್ನು ಸಿಮೆಂಟಿನ ಕಣದ ಮೇಲೆ ಹರವಿ, ಕಾಲಿನಿಂದ ಸಾಲು ಬಿಡಿಸುತ್ತ ತಿರುವಿ ಒಣಗಿಸುವುದು ಅಲ್ಲಿ ಎಂಟು ಹೆಂಗಸರ ಕೆಲಸ. ಅವರನ್ನು ನೋಡಿಕೊಳ್ಳುವುದು ದುರುಗಪ್ಪನ ಕೆಲಸವಾಗಿತ್ತು. ನೋಡಿಕೊಳ್ಳುವುದು ಎಂದರೆ ಒದರುವುದು. ಗಿರಣಿಯ ಪಟ್ಟಾ ತಿರುಗುವ ಸದ್ದಿನಲ್ಲೂ ಅವನ ಗಂಟಲು ರಸ್ತೆಯವರೆಗೆ ಕೇಳುತ್ತಿತ್ತು.

ಶೆಟ್ಟರು ಎರಡು ದಿನ ಯೋಚಿಸಿ, ಎಂಟು ಮಂದಿಯಲ್ಲಿ ಯಾರ ಜೊತೆಗೂ ಜಗಳಾಡದ ಶಾಂತಕ್ಕನನ್ನು ಕರೆದರು.

"ನಾಳಿಯಿಂದ ನೀನಽ ಮೇಸ್ತ್ರಿ."

"ನನಗ ಒದರಾಕ ಬರೂದಿಲ್ರಿ ಸಾವ್ಕಾರ್ರ."

"ಕಲ್ತರ ಬರ್ತೈತಿ. ಹೋಗು."

ಶಾಂತಕ್ಕ ಕುಕನೂರಿನ ಹುಡುಗಿ. ಮದುವೆಯಾಗಿ ಗಂಗಾವತಿಗೆ ಬಂದಾಗಿನಿಂದ ಇದೇ ಕಣದಲ್ಲಿ ನಡೆದವಳು. ಗಂಡ ಅಯ್ಯಪ್ಪ ಅದೇ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಹೆಂಡತಿ ಮೇಸ್ತ್ರಿಯಾದಳೆಂದು ಅವನು ಆ ಸಂಜೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಅವಳಿಗೂ ಹಿಗ್ಗಾಗದೆ ಇರಲಿಲ್ಲ. ಇದ್ದುದರಲ್ಲೇ ಹೊಸದಾದ ಸೀರೆ ತೆಗೆದು ದಿಂಬಿನ ಕೆಳಗೆ ಮಡಿಚಿಟ್ಟು ಮಲಗಿದಳು.

ಮರುದಿನ ಕಣಕ್ಕೆ ಕಾಲಿಟ್ಟಾಗ ಜೊತೆಯ ಕೆಲಸದಾಕೆ ಭೀಮಕ್ಕ, "ಬರ್ರಿ ಮೇಸ್ತ್ರ್ಯಾರ," ಎಂದಳು. ನಿನ್ನೆಯವರೆಗೆ ಶಾಂತಕ್ಕ ಅವಳಿಗೆ "ಏ ಶಾಂತಿ" ಆಗಿದ್ದಳು. ಚೇಷ್ಟೆಯಿರಬೇಕೆಂದು ಶಾಂತಕ್ಕ ನಕ್ಕಳು. ಭೀಮಕ್ಕ ನಗಲಿಲ್ಲ.

ಕೆಲಸವೇನೋ ನಡೆಯಿತು. ಆದರೆ ಶಾಂತಕ್ಕ ಹತ್ತಿರ ಬಂದಂತೆ ಮಾತು ನಿಲ್ಲುತ್ತಿತ್ತು, ಅವಳು ದಾಟಿ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಅವಳ ಜೀವದ ಗೆಳತಿ ಗೌಸಬೀ ಹಿಂದಿನ ದಿನವಷ್ಟೇ ಕುಷ್ಟಗಿಯ ಒಂದು ಮದುವೆಯ ಸುದ್ದಿ ಹೇಳುತ್ತಿದ್ದಳು. ಗಂಡಿನ ಕಡೆಯವರು ಬಸ್ಸಿನಲ್ಲಿ ನಿದ್ದೆಹೋಗಿ, ಬೇರೆ ಊರಿನಲ್ಲಿಳಿದು, ಬೇರೆಯವರ ಮದುವೆಯ ಊಟಕ್ಕೆ ಕುಳಿತಲ್ಲಿಗೆ ಕಥೆ ನಿಂತಿತ್ತು. ಈಗ ಕಣದ ಆ ತುದಿಯಿಂದ ನಗೆ ಕೇಳಿಸಿತು. ಕಥೆ ಮುಂದುವರಿದಿತ್ತು, ಅವಳನ್ನು ಬಿಟ್ಟು. ಮಧ್ಯಾಹ್ನ ಎಲ್ಲರೂ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರು. ಶಾಂತಕ್ಕ ಹೋದಾಗ ಜರುಗಿ ಜಾಗ ಮಾಡಿಕೊಟ್ಟರು, ಬೀಗರಿಗೆ ಮಾಡಿಕೊಡುವಷ್ಟು ಜಾಗ. ಗೌಸಬೀ ಸುಮ್ಮನೆ ರೊಟ್ಟಿ ಮುರಿಯುತ್ತಿದ್ದಳು. ಶಾಂತಕ್ಕ ಪುಂಡಿಪಲ್ಲೆ ಮುಂದೆ ಸರಿಸಿದಳು. ಯಾರೂ ಕೈ ಹಾಕಲಿಲ್ಲ.

ವಾರವಿಡೀ ಹೀಗೇ ನಡೆಯಿತು. ಶನಿವಾರ ಅವಳು ಗೌಸಬೀಯನ್ನು ನೀರಿನ ತೊಟ್ಟಿಯ ಹತ್ತಿರ ಹಿಡಿದು ನಿಲ್ಲಿಸಿದಳು.

"ನಾ ಏನ್ ಮಾಡೇನ್ ನಿಮಗ?"

"ನೀ ಏನೂ ಮಾಡಿಲ್ಲ," ಎಂದಳು ಗೌಸಬೀ. "ಆದ್ರ ನಾವು ಮಾತಾಡಿದ್ದು ಸಾವ್ಕಾರ್ರ ಕಿವಿಗೆ ಹೋದೀತು ಅಂತ ಎಲ್ಲಾರಿಗೂ ಅಂಜಿಕಿ. ದುರುಗಪ್ಪ ಇದ್ದಾಗ ಎಷ್ಟು ಬೈದ್ವಿ, ನೀನೂ ಬೈದಿ. ಈಗ ನಾವು ಯಾರ್ನ ಬೈಯೂಣು?"

ಶಾಂತಕ್ಕ ನೆಟ್ಟಗೆ ಶೆಟ್ಟರ ಗಾದಿಯ ಹತ್ತಿರ ಹೋಗಿ, ತನಗೆ ಈ ಕೆಲಸ ಬೇಡ ಎಂದಳು.

"ಮತ್ತ್ಯಾರು ಮಾಡ್ತಾರ?" ಎಂದರು ಶೆಟ್ಟರು.

ಅವಳು ಯೋಚಿಸಿ ಹೇಳಿದ ಮಾತಲ್ಲ ಅದು, ಬಾಯಿಗೆ ಬಂದದ್ದು. "ಪಾಳಿ ಹಚ್ಚೋಣ್ರಿ. ವಾರಕ್ಕೊಬ್ಬಾಕಿ."

ಶೆಟ್ಟರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಇಂಥದ್ದನ್ನು ಅವರು ಕೇಳಿರಲಿಲ್ಲ. ಆದರೆ ಹೊರಗಿನಿಂದ ಒಬ್ಬನನ್ನು ತಂದರೆ ಪಗಾರ ಹೆಚ್ಚು. "ನೋಡೂಣು," ಎಂದರು. ನೋಡೂಣು ಎಂದರೆ ಅವರ ಬಾಯಲ್ಲಿ ಹೂಂ ಎಂದೇ ಅರ್ಥ.

ಹೀಗೆ ಗಂಗಾವತಿಯ ಆ ಕಣಕ್ಕೆ ವಾರಕ್ಕೊಬ್ಬಳು ಮೇಸ್ತ್ರಿ ಬರತೊಡಗಿದಳು. ಶಾಂತಕ್ಕ ಮತ್ತೆ ಸಾಲಿಗೆ ಸೇರಿದ ದಿನವೇ ಗೌಸಬೀ ಕುಷ್ಟಗಿಯ ಮದುವೆಯನ್ನು ಮೊದಲಿನಿಂದ ಹೇಳಿ, ಬೇರೆಯವರ ಮದುವೆಯಲ್ಲಿ ಉಂಡವರು ಅಲ್ಲೇ ಆಯೇರಿಯ ಉಡುಗೊರೆಯನ್ನೂ ಕೊಟ್ಟು ಬಂದರೆಂದು ಮುಗಿಸಿದಳು. ಶಾಂತಕ್ಕ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಭೀಮಕ್ಕನ ವಾರ ಎಲ್ಲರಿಗೂ ಕಷ್ಟದ ವಾರ. ನೀರು ಕುಡಿಯಲು ಹೋದವರ ಹಿಂದೆಯೇ ಹೋಗಿ ನಿಲ್ಲುತ್ತಿದ್ದಳು. ಗೌಸಬೀ ತನ್ನ ವಾರದಲ್ಲಿ ಎಲ್ಲರನ್ನೂ ಬೇಗ ಮನೆಗೆ ಕಳಿಸಿ, ಹಸಿ ಉಳಿದ ಭತ್ತವನ್ನು ಒಬ್ಬಳೇ ತಿರುವುತ್ತ ಸಂಜೆ ಮಾಡಿದಳು. ಖೈರುನಬಿ ಎಲ್ಲರಿಗಿಂತ ಚಿಕ್ಕವಳು, ಕೇಳಿದರೂ ಮಾತಾಡದವಳು. ಅವಳ ಪಾಳಿ ಬಂದ ಮೊದಲ ದಿನ "ಈ ಬಾಜು ತಿರುವ್ರಿ" ಎಂದು ಕೂಗಿದಳು ನೋಡಿ, ಲಾರಿಯ ಮೇಲಿದ್ದ ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ತಿರುಗಿದರು. ಆ ಸಣ್ಣ ದೇಹದಲ್ಲಿ ಅಂಥ ಗಂಟಲು ಇದೆಯೆಂದು ಅವಳ ಅತ್ತೆಗೂ ಗೊತ್ತಿರಲಿಲ್ಲವಂತೆ.

ಯುಗಾದಿ ಕಳೆದು, ಕೊನೆಯ ಪಾಳಿ ಮುದುಕವ್ವನದು. ಎಂಟು ಮಂದಿಯಲ್ಲಿ ಹಿರಿಯಳು. ಇಷ್ಟು ವರ್ಷ ಎಲ್ಲ ಮೇಸ್ತ್ರಿಗಳನ್ನು ಬೈಯುತ್ತ ಬಂದವಳಿಗೆ ಈಗ ಬೈಯಲು ಯಾರೂ ಇಲ್ಲದೆ, ಮೊಣಕಾಲು ಹಿಡಿದುಕೊಂಡು ಕಣ ಸುತ್ತುತ್ತಿದ್ದಳು. ಆ ವಾರದ ನಡುವೆ ಒಂದು ಮಧ್ಯಾಹ್ನ ಆನೆಗುಂದಿ ಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಕಣದ ತುಂಬ ಭತ್ತ ಹರವಿತ್ತು.

ಅಡ್ಡಮಳೆ ಬಂದರೆ ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತು. ಭತ್ತವನ್ನು ಎಳೆದು ಗುಡ್ಡೆ ಹಾಕಬೇಕು, ತಾಡಪತ್ರಿ ಮುಚ್ಚಬೇಕು. ತೊಂದರೆ ಆದದ್ದು ಅಲ್ಲೇ. ಎಂಟೂ ಮಂದಿ ಮೇಸ್ತ್ರಿಗಳಾಗಿದ್ದವರು.

"ಕಣದ ನಡುವ ಎಳೀರಿ," ಎಂದಳು ಮುದುಕವ್ವ.

"ನಡುವ ಬ್ಯಾಡ, ಗ್ವಾಡಿ ಕಡೆ," ಎಂದಳು ಭೀಮಕ್ಕ.

ಖೈರುನಬಿ ಮೂರನೆಯದೊಂದು ಕಡೆ ತೋರಿಸಿ ಕೂಗಿದಳು. ಗೌಸಬೀ ತಾಡಪತ್ರಿಯನ್ನು ಇತ್ತ ಎಳೆದಳು, ಉಳಿದವರು ಅತ್ತ ಎಳೆದರು. ಎಂದೂ ದನಿ ಎತ್ತದ ಶಾಂತಕ್ಕ ಕೂಡ ಏನನ್ನೋ ಒದರಿದಳು, ಏನೆಂದು ಆಮೇಲೆ ಅವಳಿಗೇ ನೆನಪಿರಲಿಲ್ಲ. ತಾಡಪತ್ರಿ ನಡುವೆ ಹರಿಯಿತು. ಮಳೆ ಬಂದಷ್ಟೇ ಬೇಗ ಹೋಯಿತು. ಅರ್ಧ ಭತ್ತ ನೆನೆದು ಕೂತಿತ್ತು.

ಶೆಟ್ಟರು ಕೊಡೆ ಹಿಡಿದು ಬಂದರು. "ಯಾರದು ಈ ವಾರ?"

"ನಂದ್ರಿ," ಎಂದು ಮುದುಕವ್ವ ಮುಂದೆ ಬಂದಳು. ಒದ್ದೆ ಸೆರಗು ತಲೆಗೆ ಅಂಟಿತ್ತು. ಹಿಂದಾಗಿದ್ದರೆ ಉಳಿದವರು ತಲೆ ತಗ್ಗಿಸಿ ನಿಂತು, ಬೈಗುಳ ಮುಗಿಯಲೆಂದು ಕಾಯುತ್ತಿದ್ದರು. ಆದರೆ ಆ ಜಾಗದಲ್ಲಿ ನಿಲ್ಲುವುದು ಎಂಥದೆಂದು ಈಗ ಎಲ್ಲರಿಗೂ ಗೊತ್ತಿತ್ತು.

"ತಾಡಪತ್ರಿ ಹರದಾಕಿ ನಾನ್ರಿ," ಎಂದಳು ಗೌಸಬೀ.

"ಮುದುಕವ್ವ ಹೇಳಿದಂಗ ಎಳೀಲಿಲ್ರಿ ನಾನು," ಎಂದಳು ಭೀಮಕ್ಕ, ಮುಖ ಗಂಟಿಕ್ಕಿಕೊಂಡೇ.

"ನಾನೂ ಒದರಿದೆ ನೋಡ್ರಿ," ಎಂದಳು ಶಾಂತಕ್ಕ.

ಶೆಟ್ಟರು ಒಬ್ಬೊಬ್ಬರನ್ನೇ ನೋಡಿದರು. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. "ನಿಮ್ಮೊಳಗ ಒಬ್ಬಾಕಿಯಾದ್ರೂ ಸುಮ್ಮಕಿದ್ದಳೇನು?"

"ಇಲ್ರಿ," ಎಂದರು ಎಲ್ಲರೂ.

ಅವರು ಕೊಡೆ ಮಡಿಚಿ ಒಂದು ಚೀಲದ ಮೇಲೆ ಕುಳಿತರು. ತುಟಿಯ ಅಂಚಿನಲ್ಲಿ ನಗೆ ಬಂದಂತಾಗಿ ಹೋಯಿತು. "ಎಂಟು ಮಂದಿ ಮೇಸ್ತ್ರಿ, ಕೆಲಸಕ್ಕ ಒಬ್ಬಾಕಿ ಇಲ್ಲ. ಸಾಕು ಈ ಪಾಳಿ. ನೀವಽ ಮಾತಾಡಿ ಒಬ್ಬಾಕಿನ ಹೇಳ್ರಿ. ಆಮ್ಯಾಲ ಬದಲಿ ಇಲ್ಲ."

ಅವರು ಒಳಗೆ ಹೋದ ಮೇಲೆ ಎಂಟೂ ಮಂದಿ ಚೀಲದ ಗೋದಾಮಿನಲ್ಲಿ ಸೆರಗು ಹಿಂಡುತ್ತ ಕುಳಿತರು. ಮೊದಲು ಮಾತಾಡಿದವಳು ಮುದುಕವ್ವ. "ಶಾಂತಿ ಆಗ್ಲಿ. ಆಕಿ ಬಿಟ್ಟು ಕೊಟ್ಟಾಕಿ. ಹಿಡ್ಕೊಂಡು ಕುಂದರೂದಿಲ್ಲ."

ಭೀಮಕ್ಕನಿಗೆ ತಾನೇ ಆಗಬೇಕೆಂಬ ಆಸೆಯಿತ್ತು. ತನ್ನ ಹೆಸರು ಯಾರಾದರೂ ಎತ್ತಲಿ ಎಂದು ಕಾದಳು. ಯಾರೂ ಎತ್ತಲಿಲ್ಲ. "ಆಗ್ಲಿ," ಎಂದಳು.

ಶಾಂತಕ್ಕ ಬೇಗ ಒಪ್ಪಲಿಲ್ಲ. "ಊಟಕ್ಕ ಕುಂತಾಗ ನನಗ ರೀ ಅನ್ನಬಾರ್ದು. ನನ್ನ ಮುಂದ ಮಾತು ನಿಂದರಿಸಬಾರ್ದು. ಅಲ್ಲಿ ಆಡಿದ್ದು ಅಲ್ಲೇ ಇರ್ತೈತಿ. ಮತ್ತ ಒದರೂ ಕೆಲಸ ನನ್ನ ಕೈಲಿ ಆಗೂದಿಲ್ಲ, ಖೈರು ಒದರಲಿ."

ಖೈರುನಬಿ ನಾಚಿ ಮುಖ ಮುಚ್ಚಿಕೊಂಡಳು. ಆದರೆ ಬೇಡ ಎನ್ನಲಿಲ್ಲ.

ಮರುದಿನ ನೆನೆದ ಭತ್ತವನ್ನು ಮತ್ತೆ ಹರವಿದರು. ಶಾಂತಕ್ಕ ಕಣದ ನಡುವೆ ನಿಂತು ಮೆಲ್ಲಗೆ ಒಂದು ಮಾತು ಹೇಳುತ್ತಿದ್ದಳು, ಖೈರುನಬಿ ಅದನ್ನು ಗೇಟಿನವರೆಗೆ ಮುಟ್ಟಿಸುತ್ತಿದ್ದಳು. ಬಾಯ್ಲರಿನ ಕಡೆಯವರು ಇದನ್ನು ನೋಡಿ ನಗುತ್ತಿದ್ದರು. ಕೆಲಸ ಮಾತ್ರ ತಪ್ಪಲಿಲ್ಲ.

ಎಲ್ಲವೂ ಸಲೀಸಾಯಿತೆಂದಲ್ಲ. ಮುಂದಿನ ತಿಂಗಳು ಲಾರಿಗಳು ಸಾಲುಗಟ್ಟಿದ ಒಂದು ದಿನ ಮುದುಕವ್ವನ ಮೊಣಕಾಲು ಬಾತು, ಶಾಂತಕ್ಕ ಅವಳಿಗೆ ಕುಳಿತು ಚೀಲ ಹೊಲಿಯುವ ಕೆಲಸ ಕೊಟ್ಟಳು. ಭೀಮಕ್ಕ ಎಲ್ಲರೆದುರಿಗೇ ತಡೆದು ನಿಂತಳು.

"ನನ್ನ ಕಾಲೂ ನೋಯ್ತಾವ. ನನಗ್ಯಾಕ ಕುಂದ್ರಿಸೂದಿಲ್ಲ?"

"ನಿನ್ನ ಕಾಲು ಬಾತಾಗ ನಿನ್ನನ್ನೂ ಕುಂದ್ರಸ್ತೀನಿ," ಎಂದಳು ಶಾಂತಕ್ಕ. "ಇವತ್ತು ನೆಲ್ಲು ತಿರುವು."

ದನಿ ಏರಿರಲಿಲ್ಲ. ಆದರೆ ಅದನ್ನು ಹೇಳಿದ್ದು ತಾನೇ, ಖೈರುನಬಿಯಲ್ಲ ಎಂದು ಹೇಳಿದ ಮೇಲೆ ಅವಳಿಗೆ ಅರಿವಾಯಿತು. ಭೀಮಕ್ಕ ಗೊಣಗುತ್ತ ಸಾಲಿಗೆ ಹೋದಳು. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬೆನ್ನು ಹಾಕಿ ಕುಳಿತು, ಯಾರಿಗೂ ಕೇಳಲೆಂದಲ್ಲ ಆದರೆ ಎಲ್ಲರಿಗೂ ಕೇಳುವ ಹಾಗೆ, ಹೊಸ ಮೇಸ್ತ್ರಿಯನ್ನು ಹೊಟ್ಟೆತುಂಬ ಬೈದಳು. ಶಾಂತಕ್ಕ ಅಲ್ಲೇ ಕುಳಿತು ರೊಟ್ಟಿ ತಿಂದಳು, ಬೈಗುಳ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, "ಭೀಮಕ್ಕ, ಉಪ್ಪಿನಕಾಯಿ ಕೊಡು," ಎಂದು ಕೈ ಚಾಚಿದಳು. ಭೀಮಕ್ಕ ತಿರುಗಿ ನೋಡದೆ ಡಬ್ಬಿಯನ್ನು ಹಿಂದಕ್ಕೆ ಸರಿಸಿದಳು.