ಯಂತ್ರಕ್ಕೆ ಹೊಲಿದ ಅಂಗಿ

ನಮ್ಮ ಮನೆಯವರು ದರ್ಜಿ. ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುವಂತಿಲ್ಲ. ಮಿಕ್ಸಿಗೆ, ಟಿವಿಗೆ, ಕೊನೆಗೆ ನೀರಿನ ಫಿಲ್ಟರಿಗೂ ಅವರು ಹೊಲಿದ ಗವಸು ಇದೆ. ಶ್ವಾಸಕೋಶದ ತೊಂದರೆಯಿರುವ ಅತ್ತೆಗೆ ಆಸ್ಪತ್ರೆಯವರು ಆಮ್ಲಜನಕದ ಯಂತ್ರ ಕೊಟ್ಟಾಗ ಅದಕ್ಕೂ ದಪ್ಪ ಬಟ್ಟೆಯ ಅಂಗಿ ಸಿದ್ಧವಾಯಿತು. ಮರುದಿನವೇ ಯಂತ್ರ ಕೂಗತೊಡಗಿತು. ಅತ್ತೆಯ ತುಟಿ ನೀಲಿಗಟ್ಟಿತು.

ಮಗಳು ಆಸ್ಪತ್ರೆಗೆ ಫೋನ್ ಮಾಡಿದಳು. ಅವಳಿಗೆ ಬಯೋಮೆಡಿಕಲ್ ಎಂಜಿನಿಯರಿಂಗ್ ಓದುವ ಆಸೆ. ಅಪ್ಪನದು ಒಂದೇ ರಾಗ: "ಮಿಷಿನ್ ರಿಪೇರಿಗೆ ಡಿಗ್ರಿ ಯಾಕೆ?"

ಆಸ್ಪತ್ರೆಯ ಎಂಜಿನಿಯರ್ ಮೇಡಂ ನರ್ಸ್ ಜೊತೆ ಓಡಿ ಬಂದರು. ಮೊದಲು ಅತ್ತೆಯ ಕೊಳವೆಯನ್ನು ತಾವು ತಂದ ಸಿಲಿಂಡರಿಗೆ ಜೋಡಿಸಿದರು. ಅತ್ತೆಯ ಮುಖಕ್ಕೆ ಕಳೆ ಬಂದ ಮೇಲೆ ಪಕ್ಕದಲ್ಲಿ ಕೂತರು.

"ಅಜ್ಜಿ, ಯಾವಾಗಿಂದ ಹೀಗೆ?"

"ನನ್ನ ಮಗ ಇದಕ್ಕೆ ಅಂಗಿ ತೊಡಿಸಿದ್ನಲ್ಲ, ಆಗಿಂದ."

ಮೇಡಂ ಗವಸು ತೆಗೆದು ಹಿಂಬದಿಯ ಜಾಲರಿ ತೋರಿಸಿದರು. "ಇದು ಹೊರಗಿನ ಗಾಳಿ ಎಳ್ಕೊಂಡು ಆಮ್ಲಜನಕ ಬೇರೆ ಮಾಡುತ್ತೆ. ಇದನ್ನ ಮುಚ್ಚಿದ್ರೆ ಬಿಸಿಯಾಗಿ ಸೋತುಹೋಗುತ್ತೆ. ಗವಸು ಬೇಡ. ಗೋಡೆಯಿಂದಲೂ ದೂರ ಇಡಿ."

ನಮ್ಮವರ ಮುಖ ಇಳಿದುಹೋಯಿತು. "ಧೂಳು ಕೂರಬಾರದು ಅಂತ ಹೊಲಿದೆ ಮೇಡಂ."

"ತಪ್ಪು ನಿಮ್ಮದಲ್ಲ. ಕೊಡುವಾಗ ನಾವೇ ಹೇಳ್ಬೇಕಿತ್ತು. ಇನ್ಮೇಲೆ ಎಲ್ಲ ಮನೆಗೂ ಹೇಳ್ತೀವಿ."

ಯಂತ್ರ ತಣ್ಣಗಾದ ಮೇಲೆ ಶುರು ಮಾಡಿ, ಬರುವ ಆಮ್ಲಜನಕವನ್ನು ಮೀಟರಿನಲ್ಲಿ ಅಳೆದರು. ಸರಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ಅತ್ತೆಗೆ ಜೋಡಿಸಿದರು.

"ಇದನ್ನೆಲ್ಲ ಕಾಲೇಜಲ್ಲಿ ಕಲಿಸ್ತಾರಾ?" ನಮ್ಮವರು ಮೆಲ್ಲಗೆ ಕೇಳಿದರು.

"ಕಲಿಸ್ಬೇಕು. ಲೆಕ್ಕ, ಕರೆಂಟು ಮಾತ್ರ ಸಾಲದು, ದೇಹ ಹೇಗೆ ಕೆಲಸ ಮಾಡುತ್ತೆ ಅಂತಲೂ ಗೊತ್ತಿರ್ಬೇಕು. ಪರೀಕ್ಷೆ ಮಾಡದೆ ಸರಿಯಾಯ್ತು ಅನ್ನಬಾರದು. ಡಾಕ್ಟರ್, ನರ್ಸ್ ಜೊತೆ ಸೇರಿ ದುಡಿಯೋಕೆ, ರೋಗಿ ಮಾತು ಕೇಳೋಕೆ ಬರಬೇಕು. ನೀವೂ ಅಳತೆ ತಗೊಳ್ಳದೆ ಕತ್ತರಿ ಹಾಕಲ್ಲ ಅಲ್ವಾ?"

"ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ," ಎಂದರು ಅತ್ತೆ. ಆಮೇಲೆ ಮಗನ ಕಡೆ ತಿರುಗಿ, "ಇನ್ನಾದರೂ ನನ್ನ ಮೊಮ್ಮಗಳನ್ನ ಓದೋಕೆ ಬಿಡ್ತೀಯೋ, ಅವಳಿಗೂ ಗವಸು ಹಾಕ್ತೀಯೋ?"

ನಮ್ಮವರು ಗವಸಿನ ಹೊಲಿಗೆ ಬಿಚ್ಚಿ, ಅದೇ ಬಟ್ಟೆಯಲ್ಲಿ ಮಗಳಿಗೆ ಕಾಲೇಜಿನ ಚೀಲ ಹೊಲಿದರು. ಅದನ್ನು ಕಂಡಾಗಲೆಲ್ಲ ಆ ಮೇಡಂ ನೆನಪಾಗಿ ನನ್ನ ಕಣ್ಣು ತುಂಬುತ್ತದೆ.

ಮಕ್ಕಳನ್ನು ಈ ಓದಿಗೆ ಕಳಿಸುವವರೇ, ಕಾಲೇಜಿನ ಕಟ್ಟಡ ನೋಡಿ ಮರುಳಾಗಬೇಡಿ. ಆಸ್ಪತ್ರೆಗೆ ಕರೆದೊಯ್ದು ಕೆಲಸ ಕಲಿಸುತ್ತೀರಾ, ರೋಗಿಯ ಮಾತು ಕೇಳಲು ಕಲಿಸುತ್ತೀರಾ ಎಂದು ಕಾಲೇಜಿನವರನ್ನು ಕೇಳಿ. ಕೊಳವೆಯ ಆ ತುದಿಯಲ್ಲಿ ಯಾರದೋ ಅಮ್ಮ ಉಸಿರಾಡುತ್ತಿರುತ್ತಾರೆ.