ಅಕ್ಕನಿಗೆ ಕಾಯಿಲೆ ಏನೂ ಇಲ್ಲ

ಕೌಂಟರಿನ ಆಚೆಯಿಂದ ನೋಡಿದರೆ ಅಕ್ಕನ ನೆತ್ತಿ ಮಾತ್ರ ಕಾಣುತ್ತಿರಬೇಕು, ನರೆತ ಬೈತಲೆ, ಪಕ್ಕಕ್ಕೆ ಸಿಕ್ಕಿಸಿದ ಎರಡು ಕಪ್ಪು ಪಿನ್ನು, ಅಷ್ಟೇ, ಅದಕ್ಕೇ ಟಿಕೆಟ್ ನೋಡುವ ಆ ಹುಡುಗಿ ಅಕ್ಕನನ್ನು ಬಿಟ್ಟು ಹಿಂದೆ ನಿಂತ ತಮ್ಮನನ್ನೇ ಕೇಳುತ್ತಿದ್ದಾಳೆ, ಸರ್, ಅವರಿಗೆ ಏನಾಗಿದೆ — ಅವನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಅಕ್ಕನ ದನಿ, ಹಸಿವಾಗಿದೆ ಕಣಮ್ಮ, ಬೆಳಗ್ಗೆಯಿಂದ ಒಂದು ಲೋಟ ಕಾಫಿ ಮೇಲಿದೀನಿ, ಬೇಗ ಬಿಟ್ರೆ ಏನಾದ್ರೂ ತಿಂತೀನಿ — ಹುಡುಗಿ ಬಗ್ಗಿ ನೋಡಿದಳು, ನಕ್ಕಳು, ಮತ್ತೆ ಕಂಪ್ಯೂಟರಿನ ಕಡೆ ತಿರುಗಿ ನಗು ನುಂಗಿಕೊಂಡಳು, ಮೇಡಂ, ವೀಲ್‌ಚೇರಲ್ಲಿ ಬರೋರು ಡಾಕ್ಟರ ಹತ್ರ ಒಂದು ಫಾರಂ ತುಂಬಿಸ್ಕೊಂಡು ಬರಬೇಕು, ವಿಮಾನದಲ್ಲಿ ಹೋಗೋವಷ್ಟು ಆರೋಗ್ಯ ಇದೆ ಅಂತ, ತಂದಿದೀರಾ? ಇಲ್ಲ, ಅಂದಳು ಅಕ್ಕ, ನನಗೆ ಕಾಯಿಲೆ ಏನೂ ಇಲ್ಲ. ಅವನ ಬಲಗೈ ತಾನಾಗಿಯೇ ಕೋಟಿನ ಒಳಜೇಬಿಗೆ ಹೋಯಿತು, ಕಾಗದ ಅಲ್ಲೇ ಇದೆ, ನಾಲ್ಕು ಮಡಿಕೆ, ಡಾಕ್ಟರ ಸಹಿ, ದುಂಡನೆಯ ಮೊಹರು, ಎಲ್ಲ ಇದೆ, ಅಕ್ಕನಿಗೆ ಗೊತ್ತಿಲ್ಲ.

ಗೊತ್ತಾಗದ ಹಾಗೆ ಮಾಡಿಸಿದ್ದು ತಪ್ಪೇ, ಆದರೆ ಹೋದ ವರ್ಷ ಇದೇ ವಿಮಾನ ನಿಲ್ದಾಣದಲ್ಲಿ, ಇದೇ ವಿಮಾನ ಕಂಪನಿಯ ಕೌಂಟರಿನಲ್ಲಿ, ಇದೇ ಫಾರಂ ಇಲ್ಲವೆಂದು ಅವಳನ್ನು ವಾಪಸ್ ಕಳಿಸಿದ್ದರಲ್ಲ, ಒಬ್ಬಳೇ ಬಂದಿದ್ದಳು, ಒಬ್ಬಳೇ ಮನೆಗೆ ಹೋದಳು, ಅವಳು ಕತ್ತರಿಸಿ ಹೊಲಿಸಿದ ಬಟ್ಟೆಗಳು ಮಾತ್ರ ಪೆಟ್ಟಿಗೆಯಲ್ಲಿ ಕೂತು ವಿಮಾನ ಹತ್ತಿದವು, ನಾಟಕ ಕಂಪನಿಯವರು ಆಮೇಲೆ ಫೋಟೋ ಕಳಿಸಿದ್ದರು, ರಾಜನ ನಿಲುವಂಗಿ ಹೆಗಲಿನಿಂದ ಜಾರುತ್ತಿದೆ, ರಾಣಿಯ ತೋಳು ಒಂದು ಉದ್ದ ಒಂದು ಗಿಡ್ಡ, ಕೊನೆಯ ಗಳಿಗೆಯಲ್ಲಿ ಮೈಮೇಲೆ ಹಾಕಿಸಿ ಸರಿಮಾಡುವ ಕಟಿಂಗ್ ಮಾಸ್ಟರೇ ಇಲ್ಲದಿದ್ದರೆ ಇನ್ನೇನಾಗುತ್ತದೆ, ಆ ಫೋಟೋ ಎರಡು ದಿನ ಅಕ್ಕನ ಕತ್ತರಿಸುವ ಮಣೆಯ ಮೇಲೇ ಇತ್ತು. ಮೂರನೆಯ ದಿನ ವಿಮಾನ ಕಂಪನಿಯ ನಿಯಮಗಳನ್ನೆಲ್ಲ ಪ್ರಿಂಟ್ ಹಾಕಿಸಿ ತರಿಸಿ, ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲು ಹಿಡಿದು ಓದಲು ಕೂತಳು. ಒಂದು ಸಹಿ ತಾನೆ ಅಕ್ಕ, ಹಾಕಿಸಿಬಿಡೋಣ, ಅಂದಿದ್ದಕ್ಕೆ, ಒಂದು ಸಹಿ ಅಲ್ವೋ ಪೀಚು, ಪ್ರತಿ ಸಲ ಒಂದು ಸಹಿ, ನಾನು ಎಲ್ಲಿಗೆ ಹೊರಟ್ರೂ ನಾನು ರೋಗಿ ಅಂತ ಒಬ್ಬರು ಸಾಕ್ಷಿ ಹೇಳಬೇಕು — ಇನ್ನೂ ಪೀಚು ಅಂತಲೇ ಕರೆಯುತ್ತಾಳೆ, ಹೊಟ್ಟೆ ಬೆಲ್ಟು ದಾಟಿ ಹೊರಗೆ ಬಂದು ಹತ್ತು ವರ್ಷವಾಯಿತು. ಅವಳಿಗೇನು ಗೊತ್ತು, ನೀರಿನ ಕಚೇರಿಯ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕೂತವನು ಅವನು, ಮೊಹರಿಲ್ಲ, ನಾಳೆ ಬನ್ನಿ, ಮನೆ ಪತ್ರದ ನಕಲಿಲ್ಲ, ನಾಳೆ ಬನ್ನಿ, ಕಾಗದ ಇಲ್ಲದವರ ಗತಿ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು, ಆ ಗತಿ ಕಾಣಿಸಿದವನೇ ಅವನು. ಅದಕ್ಕೇ ಮೊನ್ನೆ ಕಚೇರಿಗೆ ಅರ್ಧ ದಿನ ರಜೆ ಹಾಕಿ ಡಾಕ್ಟರ ಹತ್ತಿರ ಹೋದ, ಅಕ್ಕ ಹೊಲಿಸಿಕೊಟ್ಟ ಬಿಳಿ ಕೋಟನ್ನೇ ಹಾಕಿಕೊಂಡಿದ್ದರು ಮುದುಕ ಡಾಕ್ಟರು, ರೋಗದ ಹೆಸರು ಏನು ಬರೀಲಪ್ಪ, ನಾಲ್ಕನೇ ವಯಸ್ಸಿಗೆ ಜ್ವರ ಬಂತು, ಕಾಲು ಹೋಯ್ತು, ಜ್ವರ ಹೋಗಿ ಐವತ್ತಮೂರು ವರ್ಷ ಆಯ್ತು, ಗುಣವಾಗುವ ಸಾಧ್ಯತೆ ಅಂತ ಕೇಳ್ತಾನೆ ಈ ಫಾರಂ ಮಾಡಿದವನು, ಯಾವುದು ಗುಣ ಆಗಬೇಕು, ಅಂತ ಗೊಣಗುತ್ತ ಬರೆಯುತ್ತ ಹೋದವರು ಒಂದು ಕಡೆ ನಿಂತರು, ಕನ್ನಡಕ ತೆಗೆದು ಒರೆಸಿದರು, ಇವರಿಂದ ಸಹಪ್ರಯಾಣಿಕರಿಗೆ ಅಸಹ್ಯವಾಗುವಂಥ ವಾಸನೆ ಬರುತ್ತದೆಯೇ, ಅಂತ ಓದಿ ಅವನ ಮುಖ ನೋಡಿದರು, ಇದಕ್ಕೂ ನಾನು ಉತ್ತರ ಬರೀಬೇಕಾ? ಬರೀರಿ ಡಾಕ್ಟ್ರೇ, ಅಂದ, ತಲೆ ತಗ್ಗಿಸಿ. ಅದರ ಮುಂದಿನ ಪ್ರಶ್ನೆ, ಜೊತೆಗಾರರಿಲ್ಲದೆ ಪ್ರಯಾಣ ಮಾಡಬಲ್ಲರೇ — ಇಲ್ಲ ಅಂತ ಬರೀರಿ, ಅದೂ ಅವನೇ ಅಂದದ್ದು, ಡಾಕ್ಟರು ಕೇಳಿದ್ದು ಕೂಡ ಇಲ್ಲ, ಆಗಲ್ಲ ಅಂತ ಬರೆದುಬಿಡಿ, ಆಗ ತಕರಾರು ಇರಲ್ಲ. ಒಬ್ಬಳೇ ಅಂಗಡಿ ಇಟ್ಟು, ಹನ್ನೊಂದು ಹೆಂಗಸರಿಗೆ ಕತ್ತರಿ ಹಿಡಿಯುವುದು ಕಲಿಸಿ, ಈ ತಮ್ಮನ ಮದುವೆಯನ್ನೂ ಮುಂದೆ ನಿಂತು ಮಾಡಿದವಳಿಗೆ, ಆಗಲ್ಲವಂತೆ.

ಹುಡುಗಿ ಕರೆದಳೆಂದು ಮೇಲಧಿಕಾರಿ ಬಂದ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ವಾಕಿಟಾಕಿ, ಹಿಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು, ಅಕ್ಕನ ಹಿಂದೆ ನಿಂತ ಅವನು ಗಡಿಯಾರ ನೋಡಿದ, ಕೌಂಟರು ಮುಚ್ಚಲು ಇನ್ನು ನಲವತ್ತು ನಿಮಿಷ, ನಾಳೆ ಸಂಜೆ ನಾಟಕ, ನಲವತ್ತೆರಡು ವೇಷ, ಈ ಸಲವೂ ಹೋಗದಿದ್ದರೆ ನಾಟಕ ಕಂಪನಿಯವರು ಬೇರೆ ಮಾಸ್ಟರನ್ನು ನೋಡಿಕೊಳ್ಳುತ್ತಾರೆ, ಹಾಗಂತ ಅವರು ಬಾಯಿಬಿಟ್ಟು ಹೇಳಿಲ್ಲ, ಅಕ್ಕನಿಗೆ ಗೊತ್ತು. ಜೇಬಿನಿಂದ ತೆಗೆದು ಕೊಟ್ಟರೆ ಮುಗಿಯಿತು, ಒಂದು ಕ್ಷಣ, ಆಮೇಲೆ ಬೈಸಿಕೊಂಡರಾಯಿತು — ಅಪ್ಪನೂ ಹೀಗೇ ಜೇಬಿನಿಂದ ತೆಗೆದು ಕೊಟ್ಟಿದ್ದರು, ಅವನಿಗೆ ಅದು ಕಂಡ ನೆನಪಲ್ಲ, ಅಮ್ಮ ಹೇಳಿ ಹೇಳಿ ಕಂಡಂತಾದ ನೆನಪು, ಹೆಡ್‌ಮಾಸ್ಟರ ಕೋಣೆ, ಅಪ್ಪನ ಹೆಗಲ ಮೇಲೆ ಏಳು ವರ್ಷದ ಅಕ್ಕ, ಈ ಮಗುವಿನ ರೋಗ ಬೇರೆ ಮಕ್ಕಳಿಗೆ ಅಂಟಲ್ಲ ಅಂತ ಡಾಕ್ಟರ ಚೀಟಿ ಬೇಕು ಅಂದರಂತೆ, ಅಪ್ಪ ಎರಡು ಕೈಯಲ್ಲಿ ಚೀಟಿ ಕೊಟ್ಟರಂತೆ, ಹೆಡ್‌ಮಾಸ್ಟರು ಓದಿ, ಒಪ್ಪಿ, ಅಕ್ಕನನ್ನು ಬಾಗಿಲ ಪಕ್ಕದ ಕೊನೆಯ ಬೆಂಚಿಗೆ ಹಾಕಿದರಂತೆ, ಚೀಟಿ ಇದ್ದೂ. ಆ ಬೆಂಚಿನಲ್ಲೇ ಕೂತು ಅವಳು ಅಷ್ಟೂ ವರ್ಷ ತರಗತಿಗೇ ಮೊದಲನೆಯವಳಾಗಿ ಪಾಸಾದದ್ದು. ಅಪ್ಪನನ್ನು ಅವಳು ಯಾವತ್ತೂ ಬೈಯಲಿಲ್ಲ. ಚೀಟಿ ಕೊಟ್ಟವರ ಮೇಲೆ ಸಿಟ್ಟಿಲ್ಲ ನನಗೆ, ಅಂದಿದ್ದಳು ಒಮ್ಮೆ, ಬಟ್ಟೆ ಹರವುತ್ತ, ಕೇಳಿದವರು ಮರುದಿನ ಮತ್ತೆ ಕೇಳ್ತಾರಲ್ಲ, ಸಿಟ್ಟು ಅದಕ್ಕೆ.

ಇದನ್ನು ಓದಿ, ಅನ್ನುತ್ತಿದ್ದಾಳೆ ಈಗ, ಕೈಚೀಲದಿಂದ ಎರಡು ಹಾಳೆ ತೆಗೆದು ಮೇಲಕ್ಕೆ ಚಾಚಿ, ಮೇಲಧಿಕಾರಿ ಕೌಂಟರು ಸುತ್ತಿ ಈಚೆ ಬರಬೇಕಾಯಿತು, ಬಂದು ಅಕ್ಕನ ಎದುರು ನಿಂತ, ನಿಮ್ಮ ಕಂಪನಿಯದೇ ನಿಯಮ, ನೀಲಿ ಗೆರೆ ಎಳೆದಿರೋದು, ಸ್ವಲ್ಪ ಜೋರಾಗಿ ಓದಿ ಸರ್, ನನಗೆ ಚಾಳೀಸು ಬಂದಿದೆ — ಸುಳ್ಳು, ಸೂಜಿಗೆ ದಾರ ಈಗಲೂ ಒಂದೇ ಏಟಿಗೆ ಪೋಣಿಸುತ್ತಾಳೆ — ಆತ ಓದಿದ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ದಾರಿಯಲ್ಲಿ ಆಮ್ಲಜನಕ ಬೇಕಾದವರು, ಸ್ಟ್ರೆಚರಿನ ಮೇಲೆ ಬರುವವರು, ಅಂಟುರೋಗವಿರುವವರು ಫಾರಂ ಕೊಡತಕ್ಕದ್ದು, ನಡೆಯಲಾಗದೆ ಗಾಲಿಕುರ್ಚಿ ಬಳಸುವ, ಬೇರೆ ತೊಂದರೆ ಇಲ್ಲದ ಪ್ರಯಾಣಿಕರಿಂದ ಇದನ್ನು ಕೇಳ — ದನಿ ಇಳಿಯಿತು — ತಕ್ಕದ್ದಲ್ಲ. ಹುಡುಗಿ ಕಂಪ್ಯೂಟರಿನ ಹಿಂದೆ ತುಟಿ ಕಚ್ಚಿಕೊಂಡಳು. ಸರಿ ಮೇಡಂ, ನೀವು ಹೇಳೋದು ಸರಿ, ಆದ್ರೂ ಒಂದು ಕಾಗದ ಅಂತ ಇದ್ದುಬಿಟ್ರೆ ಎಲ್ಲರಿಗೂ ನೆಮ್ಮದಿ, ಅನ್ನುತ್ತ ಆತ ಅವನ ಕಡೆ ತಿರುಗಿದ, ಸರ್, ಹಳೇದಾದ್ರೂ ಪರವಾಗಿಲ್ಲ, ನಿಮ್ಮ ಹತ್ರ ಯಾವುದಾದ್ರೂ ಡಾಕ್ಟರ ಚೀಟಿ — ಮತ್ತೆ ಅವನನ್ನೇ, ಅಕ್ಕನ ತಲೆಯ ಮೇಲಿಂದ, ಅವನ ಕೈಗೆ ಕಾಗದ ಬಂದೇಬಿಟ್ಟಿತ್ತು, ಹೊರಗೆ ಬಂದುಬಿಟ್ಟಿತ್ತು, ಆತ ಕೈ ಚಾಚಿಯೂ ಆಗಿತ್ತು, ಎರಡು ಕೈಯಲ್ಲಿ ಕೊಟ್ಟ ಅಪ್ಪ, ನಾಳೆ ಬನ್ನಿ ನಾಳೆ ಬನ್ನಿ, ಏನಾಯಿತೋ ಅವನಿಗೇ ತಿಳಿಯದು, ಚಾಚಿದ ಕೈಯನ್ನು ದಾಟಿಸಿ ಕೆಳಗೆ ಬಗ್ಗಿ ಅಕ್ಕನ ಮಡಿಲಲ್ಲಿ ಇಟ್ಟುಬಿಟ್ಟ. ತಪ್ಪಾಯ್ತು ಅಕ್ಕ, ಹೆದರಿಕೆ ಆಯ್ತು, ಮಾಡಿಸಿಬಿಟ್ಟೆ. ಅವಳು ಬಿಚ್ಚಿದಳು. ಓದಿದಳು, ಮೊದಲಿನಿಂದ, ಬೆರಳಿಟ್ಟುಕೊಂಡು, ಸುತ್ತಲ ಗದ್ದಲವೆಲ್ಲ ಎಲ್ಲೋ ದೂರ ಹೋಯಿತು, ಇಂಗು ತಿಂದ ಮಂಗನ ಹಾಗೆ ಅವನು ನಿಂತಿದ್ದ, ಬೆರಳು ಒಂದು ಕಡೆ ನಿಂತಿತು, ಆಮೇಲೆ ಅಕ್ಕ ನಕ್ಕಳು, ಹೊಟ್ಟೆ ಕುಲುಕಿಸಿ, ಕಣ್ಣಲ್ಲಿ ನೀರು ಬರುವ ಹಾಗೆ, ಕೇಳಮ್ಮ ಹುಡುಗಿ, ಇವರಿಂದ ಸಹಪ್ರಯಾಣಿಕರಿಗೆ ಅಸಹ್ಯವಾಗುವಂಥ ವಾಸನೆ ಬರುತ್ತದೆಯೇ, ಉತ್ತರ ಇಲ್ಲ ಅಂತ ಇದೆ, ಸದ್ಯ ಬದುಕಿದೆ, ಈ ಸಾಲಲ್ಲಿ ನಿಂತಿರೋರ್ನೆಲ್ಲ ಇದನ್ನ ಕೇಳ್ತೀರೋ, ನನ್ನೊಬ್ಬಳನ್ನೋ? ಸಾಲು ನಕ್ಕಿತು, ಲೊಚಗುಟ್ಟಿದ್ದವರೂ ನಕ್ಕರು. ಬೆರಳು ಮುಂದಿನ ಸಾಲಿಗೆ ಹೋದದ್ದನ್ನು ಅವನು ನೋಡಿದ, ಜೊತೆಗಾರರಿಲ್ಲದೆ, ಇಲ್ಲ, ಅದರ ಮೇಲೆ ಬೆರಳು ಒಂದು ಉಸಿರಿನಷ್ಟು ಹೊತ್ತು ಇತ್ತು, ಯಾರು ಬರೆಸಿದ್ದೆಂದು ಅವಳಿಗೆ ತಿಳಿಯದೆ ಇರುತ್ತದೆಯೇ, ಅದನ್ನು ಮಾತ್ರ ಅವಳು ಗಟ್ಟಿಯಾಗಿ ಓದಲಿಲ್ಲ. ಇಷ್ಟು ಜನರ ಎದುರು ಓದಬಹುದಿತ್ತು. ಓದಲಿಲ್ಲ. ಕಾಗದ ಮಡಿಸಿ, ನಗು ನಿಲ್ಲಿಸಿ, ನೋಡಿ ಸರ್, ಅಂದಳು, ಇದು ನಿಮಗೆ ಬೇಕು ಅಂದ್ರೆ ಕೊಡ್ತೀನಿ, ಕೇಳತಕ್ಕದ್ದಲ್ಲ ಅಂತ ಓದಿದ ಮೇಲೂ ಯಾಕೆ ತಗೊಂಡ್ರಿ ಅಂತ ಒಂದು ಸಾಲು ಬರೆದು ನೀವು ಸಹಿ ಮಾಡಿ ಕೊಡಿ, ಅಷ್ಟೇ. ಆತ ಕೈ ಹಿಂದೆಗೆದುಕೊಂಡ, ಕೆಂಡ ಮುಟ್ಟಿದವನ ಹಾಗೆ. ಇಪ್ಪತ್ತಾರು ವರ್ಷದಲ್ಲಿ ಕಚೇರಿಯ ಆ ಕಿಟಕಿಯ ಮುಂದೆ ಒಬ್ಬರೂ, ಒಬ್ಬರೇ ಒಬ್ಬರೂ, ಇದನ್ನು ಅವನಿಗೆ ಹೇಳಿರಲಿಲ್ಲ, ಹೇಳಿದ್ದರೆ ಅವನ ಕೈಯೂ ಹೀಗೇ ಹಿಂದಕ್ಕೆ ಹೋಗುತ್ತಿತ್ತು. ಬೇಡ ಮೇಡಂ, ಕ್ಷಮಿಸಿ, ಬೋರ್ಡಿಂಗ್ ಪಾಸ್ ಕೊಡಮ್ಮ ಇವರಿಗೆ, ಆ ಫಾರಂ ಕೇಳೋದು ಕಂಪ್ಯೂಟರಿಂದ ತೆಗಿಸೋಕೆ ನಾನೇ ಬರೀತೀನಿ, ಅಂದ, ಬರೆಯುತ್ತಾನೋ ಬಿಡುತ್ತಾನೋ, ಹುಡುಗಿಯಂತೂ ಕೌಂಟರಿನಿಂದ ಈಚೆ ಬಂದು, ಅಕ್ಕನ ಎದುರು ಕುಕ್ಕರುಗಾಲಲ್ಲಿ ಕೂತು, ಪಾಸನ್ನು ಅವಳ ಕೈಗೇ ಕೊಟ್ಟಳು.

ಉದ್ದನೆಯ ಓಣಿ, ಚಕ್ರದ ಸದ್ದು, ಅಕ್ಕನ ಕೈ ಚಕ್ರ ತಳ್ಳುತ್ತದೆ, ಅವನು ಹಿಂದೆ ಹಿಂದೆ, ಈಗ ಬೈಯುತ್ತಾಳೆ, ಈಗ, ಬೈಯಲಿಲ್ಲ, ಕಿಟಕಿ ಸೀಟು ನೀನು ತಗೋ ಪೀಚು, ಅಂದಳು, ಆದ್ರೆ ಮೇಲೇರುವಾಗ ಹೆದರಿ ನನ್ನ ಕೈ ಹಿಂಡಬೇಡ, ನಾಳೆ ಕತ್ತರಿ ಹಿಡೀಬೇಕು. ವಿಮಾನದ ಬಾಗಿಲಲ್ಲಿ ಅವಳ ಕುರ್ಚಿಯನ್ನು ಮಡಿಸಿ ಕೆಳಗೆ ಒಯ್ದರು, ಸೀಟುಗಳ ನಡುವಿನ ಸಂದಿಗೆಂದೇ ಮಾಡಿದ ಸಣಕಲು ಕುರ್ಚಿ ತಂದರು, ಅದರಲ್ಲಿ ಏಳನೆಯ ಸಾಲಿನವರೆಗೆ ಕರೆದೊಯ್ದರು, ಇಬ್ಬರು ಗಟ್ಟಿಗರು ತೋಳು ಮಡಿಸಿಕೊಂಡು ಬಂದರು, ಮೇಡಂ ನಾವು ಎತ್ತಿ ಕೂರಿಸ್ತೀವಿ, ಎತ್ತಬೇಡ್ರಪ್ಪ, ಕುರ್ಚಿ ಅಲ್ಲಾಡದ ಹಾಗೆ ಹಿಡ್ಕೊಳ್ಳಿ, ಸಾಕು. ಎಡ ಅಂಗೈ ಸಣಕಲು ಕುರ್ಚಿಯ ಅಂಚಿಗೆ, ಬಲ ಅಂಗೈ ಸೀಟಿನ ತೋಳಿಗೆ, ಒಂದು ಉಸಿರು, ಅವನು ಐವತ್ತೊಂದು ವರ್ಷ ಅವಳ ಜೊತೆ ಬದುಕಿದ್ದಾನೆ, ಮನೆಯಲ್ಲಿ ಇದು ದಿನಕ್ಕೆ ಹತ್ತು ಸಲ ನಡೆದಿರಬೇಕು, ಮಂಚಕ್ಕೆ, ಕುರ್ಚಿಗೆ, ಕತ್ತರಿಸುವ ಮಣೆಗೆ, ಅವನು ಯಾವತ್ತೂ ನಿಂತು ನೋಡಿರಲಿಲ್ಲ, ಮೊಣಕೈ ನಿಧಾನ ನೆಟ್ಟಗಾದವು, ಹೆಗಲು ಉಬ್ಬಿತು, ಮತ್ತು ಅಕ್ಕ ಮೇಲೆದ್ದಳು, ಆ ಕುರ್ಚಿಯಲ್ಲೂ ಇಲ್ಲ, ಈ ಸೀಟಿನಲ್ಲೂ ಇಲ್ಲ, ಗಾಳಿಯಲ್ಲಿ. ವಿಮಾನ ಓಡುತ್ತಿದೆ ಈಗ, ನಡುಗುತ್ತಿದೆ, ಕಿಟಕಿಯಾಚೆ ಹುಲ್ಲು ಹಿಂದಕ್ಕೆ ಓಡುತ್ತಿದೆ, ಹೆದರಬೇಕಿತ್ತು, ಹೆದರಿಕೆ ಬರುತ್ತಿಲ್ಲ, ನೆಟ್ಟಗಾದ ಎರಡು ಮೊಣಕೈ, ನಾಳೆ ಬನ್ನಿ ಅಂದದ್ದು ಎಷ್ಟು ಜನರಿಗೆ, ಅವರೆಲ್ಲ ಎಲ್ಲಿ ಹೋದರು, ಸೋಮವಾರ ಕಚೇರಿಯ ಕಿಟಕಿ ತೆರೆದಾಗ — ಎರಡು ಅಂಗೈ, ನೆಟ್ಟಗಾದ ಎರಡು ಮೊಣಕೈ — ಹುಲ್ಲು ಕೆಳಗುಳಿಯಿತು — ಎರಡು ಅಂಗೈ, ಅವುಗಳ ನಡುವೆ, ಯಾರೂ ಹಿಡಿಯದೆ, ಗಾಳಿಯಲ್ಲಿ ಅಕ್ಕ.