ನಮ್ಮ ಬೀದಿಯ ಮೇಯರಣ್ಣ

ಕೋಟಿನ ಎಡತೋಳು ಹೇಗೋ ಏರಿತು, ಬಲತೋಳು ಮಾತ್ರ ಏನು ಮಾಡಿದರೂ ಒಪ್ಪಲಿಲ್ಲ. ದರ್ಜಿ ಒಂದು ಹೆಜ್ಜೆ ಹಿಂದೆ ಸರಿದು, ಮಂಚದ ಮೇಲೆ ಮಲಗಿದ್ದವನನ್ನು ಅಳತೆ ಕೊಡಲು ಬಂದ ಗಿರಾಕಿಯನ್ನು ನೋಡುವಂತೆ ನೋಡಿದ.

"ಬೆನ್ನಿನ ಹೊಲಿಗೆ ಬಿಚ್ಚಬೇಕು ಅತ್ತಿಗೆ. ಮೇಲಿಂದ ನೋಡಿದವರಿಗೆ ಗೊತ್ತಾಗಲ್ಲ."

"ಬಿಚ್ಚಿ," ಎಂದಳು ಮಲಗಿದ್ದವನ ಹೆಂಡತಿ. "ಹೊಲಿದವರೂ ನೀವೇ ಅಲ್ವಾ."

ಕೋಟು ಹೊಲಿಸಿದಾಗ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳು. ಈಗ ಆ ಮಗಳು ಒಳಮನೆಯಲ್ಲಿ ತನ್ನ ಮಕ್ಕಳಿಗೆ ಹಾಲು ಕಾಯಿಸುತ್ತಿದ್ದಾಳೆ. ಊರಿನ ಬಸ್ಸು ಓಡಿಸುತ್ತಿದ್ದ ಗಂಡ ಒಮ್ಮೆ ಮೇಯರ್ ಚುನಾವಣೆಗೆ ನಿಂತಿದ್ದ. ಗೆದ್ದ ದಿನ ಹಾಕಿಕೊಳ್ಳಲಿ ಎಂದು ದರ್ಜಿ ಮಡಿಕೆ ಕೆಡದಂತೆ ತಂದುಕೊಟ್ಟ ಕೋಟು ಇದು. ಗೆಲ್ಲಲಿಲ್ಲ, ಹಾಕಿಕೊಳ್ಳಲೂ ಇಲ್ಲ. ಅಷ್ಟು ವರ್ಷ ಪೆಟ್ಟಿಗೆಯ ತಳದಲ್ಲಿದ್ದದ್ದನ್ನು ಇವತ್ತು ಬೆಳಿಗ್ಗೆ ಯಾಕೆ ಹೊರಗೆ ತೆಗೆದಳೋ ಅವಳಿಗೇ ತಿಳಿಯದು.

ಪಕ್ಕದ ಬೇಕರಿಯವಳು ಕೋಟಿನ ಮುಂಭಾಗವನ್ನು ಅಂಗೈಯಿಂದ ಸವರಿದಳು. "ನೋಡಕ್ಕ, ಎಷ್ಟು ಚೆನ್ನಾಗಿ ಕಾಣ್ತಾರೆ ನಮ್ಮ ಮೇಯರಣ್ಣ."

"ಇವತ್ತೊಂದಿನ ಆ ಹೆಸರು ಬೇಡ ಕಣೇ."

"ಯಾಕಕ್ಕ? ಪ್ರೀತಿಯಿಂದ ಕರೆಯೋದಲ್ವಾ ನಾವು?"

ಉತ್ತರ ಕೊಡಬೇಕಾದವನು ಬಾಯಿ ಮುಚ್ಚಿಕೊಂಡು ಮಲಗಿದ್ದ. ಎದ್ದು ಕೂತಿದ್ದರೂ ಅವನು ಕೊಡುತ್ತಿದ್ದವನಲ್ಲ ಬಿಡಿ.

*

ಬೀದಿ ಗುಡ್ಡದ ನೆತ್ತಿಯಲ್ಲಿತ್ತು. ಬಸ್ಸು ಏದುಸಿರು ಬಿಡುತ್ತಾ ಅಲ್ಲಿಯವರೆಗೂ ಹತ್ತಿ, ತಿರುಗಿ ಇಳಿಯುತ್ತಿತ್ತು. ದೂರದಲ್ಲಿ ಯಾರಾದರೂ ಓಡಿ ಬರುವುದು ಕನ್ನಡಿಯಲ್ಲಿ ಕಂಡರೆ ಸಾಕು, ಅವನು ಬಸ್ಸು ಕದಲಿಸುತ್ತಿರಲಿಲ್ಲ. ಮೇಲಧಿಕಾರಿಗಳು ಗದರಿದರೆ "ಇಂಜಿನ್ ಕೆಮ್ತಾ ಇತ್ತು ಸರ್, ಸುಧಾರಿಸ್ಕೊಳ್ಳಲಿ ಅಂತ ನಿಲ್ಸಿದ್ದೆ" ಅನ್ನುವವನು. ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ಓಡಿಬಂದವರೂ ಆ ಬಸ್ಸು ತಪ್ಪಿಸಿಕೊಂಡದ್ದಿಲ್ಲ.

ಆಗಿನ ಮೇಯರ್ ಸಿಮೆಂಟು ಅಂಗಡಿಯ ಯಜಮಾನ. ಬಸ್ಸು ಇನ್ನು ಮುಂದೆ ಗುಡ್ಡದ ಬುಡದಲ್ಲೇ ನಿಲ್ಲಲಿ, ಮೇಲಿನವರು ನಡೆದು ಬರಲಿ ಎಂದು ಅವನು ಅಪ್ಪಣೆ ಕೊಡಿಸಲು ಹೊರಟಾಗ ಬೀದಿಗೆ ಬೀದಿಯೇ ದರ್ಜಿಯ ಅಂಗಡಿಯಲ್ಲಿ ಸೇರಿ ಕೂಗಾಡಿತು. ನಮ್ಮವರೇ ಒಬ್ಬರು ನಿಲ್ಲಬೇಕು ಎಂದರು ಮೂಲೆಮನೆಯ ಟೀಚರು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ಸ್ಟೇರಿಂಗ್ ಬಿಟ್ರೆ ನಂಗೇನು ಗೊತ್ತು ಮಾರಾಯ್ರೇ?" ಎಂದ ಅವನು.

"ಅಲ್ಲೂ ಅದೇ ಕೆಲಸ ಕಣಯ್ಯ," ಎಂದ ದರ್ಜಿ. "ಹತ್ತಿಸ್ಕೊಳ್ಳೋದು, ಇಳಿಸೋದು. ಬಾಯ್ಮುಚ್ಕೊಂಡು ನಿಲ್ಲು."

ಆಮೇಲಿನ ಆ ಕೆಲವು ವಾರಗಳು! ಸಂಜೆಯಾದರೆ ಅವನು ದರ್ಜಿಯ ಅಂಗಡಿಯ ಕಟ್ಟೆಯ ಮೇಲೆ ನಿಂತು ಭಾಷಣ ಕಲಿಯುತ್ತಿದ್ದ. ಟೀಚರು ತಿದ್ದುತ್ತಿದ್ದರು, ಬೇಕರಿಯವಳು ಬಿಸಿ ಬನ್ನು ಹಂಚುತ್ತಿದ್ದಳು. ಹೆಂಡತಿ ಎದುರಿಗಿದ್ದ ತಮ್ಮ ಮನೆಯ ಕಿಟಕಿಯಲ್ಲಿ ನಿಂತಿರುತ್ತಿದ್ದಳು. ಪ್ರತಿ ಮಾತು ಮುಗಿದಾಗಲೂ ಅವನು ಒಮ್ಮೆ ಕಿಟಕಿಯ ಕಡೆ ನೋಡುತ್ತಿದ್ದ, ಸರಿಹೋಯ್ತಾ ಎಂಬಂತೆ. ಗಂಟಲು ಕಟ್ಟಿಕೊಂಡು ಮನೆಗೆ ಬಂದವನು ಊಟದ ತಟ್ಟೆಯ ಮುಂದೆಯೂ ನಗುತ್ತಿದ್ದ.

"ನನಗೆ ಇಷ್ಟೊಂದು ಜನ ಇದ್ದಾರೆ ಅಂತ ಗೊತ್ತೇ ಇರಲಿಲ್ಲ ಕಣೇ," ಅಂದಿದ್ದ ಒಂದು ದಿನ.

ಮದುವೆಯಾಗಿ ಮಗಳು ಶಾಲೆಗೆ ಹೋಗುವಷ್ಟಾದ ಮೇಲೆ ಅವಳು ಗಂಡನನ್ನು ಮತ್ತೆ ಹೊಸದಾಗಿ ಪ್ರೀತಿಸಿದಳು. ಕಿಟಕಿಯ ಕಡೆ ತಿರುಗುತ್ತಿದ್ದ ಆ ಮುಖ ಅವಳಿಗೆ ಈಗಲೂ ಬೇಕು. ಸತ್ತವನಿಗಾಗಿ ಅವಳು ನಿನ್ನೆಯಿಂದ ಅಳುತ್ತಿದ್ದಾಳೆ, ಆ ಮುಖಕ್ಕಾಗಿ ಅವಳು ಅಳಲು ಶುರುಮಾಡಿ ಬಹಳ ಕಾಲವಾಯಿತು.

*

ಓಟಿನ ದಿನ ಮತಗಟ್ಟೆಯ ಬಾಗಿಲು ತೆರೆದಾಗ ಮೊದಲು ಹೋಗಿ ನಿಂತವರು ಗಂಡ ಹೆಂಡತಿಯೇ. ಅಷ್ಟರಲ್ಲಾಗಲೇ ಬೀದಿ ಖಾಲಿಯಾಗಿತ್ತು. ದರ್ಜಿ ಸ್ಕೂಟರು ತೆಗೆದುಕೊಂಡು, ಬೇಕರಿಯವಳು ಬ್ರೆಡ್ಡಿನ ವ್ಯಾನು ತೆಗೆದುಕೊಂಡು, ಉಳಿದವರು ಕಾಲ್ನಡಿಗೆಯಲ್ಲಿ, ಊರಿನ ಮೂಲೆ ಮೂಲೆಗೆ ಹೋಗಿದ್ದರು. ನಡೆಯಲಾಗದ ಮುದುಕರನ್ನು ಕರೆದೊಯ್ಯುವುದು, ಸೋಮಾರಿಗಳನ್ನು ಎಬ್ಬಿಸುವುದು, ಕೂಸುಗಳನ್ನು ಎತ್ತಿಕೊಂಡು ತಾಯಂದಿರನ್ನು ಸಾಲಿಗೆ ಕಳಿಸುವುದು. ಕತ್ತಲಾದ ಮೇಲೆ ಧೂಳು ಮುಖದಲ್ಲಿ ಒಬ್ಬೊಬ್ಬರಾಗಿ ಗುಡ್ಡ ಹತ್ತಿ ಬಂದು ಗೆದ್ದೇಬಿಟ್ಟೆವು ಎಂದು ಬೀಗಿದರು.

ಎಣಿಕೆಯ ದಿನ ಮತಗಟ್ಟೆಗಳ ಲೆಕ್ಕವನ್ನು ಒಂದೊಂದಾಗಿ ಓದಿದರು. ದೂರದ ಬಡಾವಣೆಗಳಲ್ಲಿ ಅವನೇ ಮುಂದು. ಹೆಸರೂ ಕೇಳದ ಓಣಿಗಳಲ್ಲಿ ಅವನೇ ಮುಂದು. ಕೊನೆಗೆ ಅವರ ಬೀದಿಯದ್ದು ಬಂತು. ಗುಡ್ಡದ ಹಿಂಬದಿಯಲ್ಲಿ ಸಿಮೆಂಟು ಅಂಗಡಿಯ ಕೆಲಸಗಾರರ ಮನೆಗಳಿದ್ದವು, ಅವರು ಯಜಮಾನನಿಗೆ ಹಾಕಿದ್ದರು. ಇವನಿಗೆ ಬಂದದ್ದು ಕೈಬೆರಳಲ್ಲಿ ಎಣಿಸುವಷ್ಟು. ಸ್ವಂತ ಬೀದಿಯೊಂದು ಹಿಡಿದಿದ್ದರೆ ಗೆದ್ದಿರುತ್ತಿದ್ದ.

"ಸಿಮೆಂಟು ಗಟ್ಟಿ ಕಣೇ," ಎಂದು ನಕ್ಕ ಮನೆಗೆ ಬಂದು. ಬೀದಿಯವರು ಬಾಗಿಲಲ್ಲಿ ನಿಂತು ಅತ್ತರು. ಅವನು ಒಬ್ಬೊಬ್ಬರ ಮುಖವನ್ನೂ ಬಹಳ ಹೊತ್ತು ನೋಡಿದ. ಏನು ಹುಡುಕುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು.

"ಕೇಳಿಬಿಡ್ಲಾ?" ಎಂದಳು ಬಾಗಿಲು ಹಾಕಿಕೊಂಡ ಮೇಲೆ.

"ಬೇಡ. ಕೇಳಿದ್ರೆ ಸುಳ್ಳು ಹೇಳಬೇಕಾಗುತ್ತೆ, ಪಾಪ."

ಸಿಮೆಂಟಿನ ಯಜಮಾನ ಕೂದಲೆಳೆಯಲ್ಲಿ ಗೆದ್ದದ್ದಕ್ಕೆ ಬೆವೆತು ಬಸ್ಸಿನ ತಂಟೆಗೆ ಬರಲಿಲ್ಲ. ಗಂಡ ಎಂದಿನಂತೆ ಗುಡ್ಡ ಹತ್ತಿಸಿದ, ಓಡಿ ಬರುವವರಿಗಾಗಿ ಎಂದಿನಂತೆ ಕಾದ. ಆದರೆ ದರ್ಜಿಯ ಕಟ್ಟೆಯನ್ನು ಮತ್ತೆ ಹತ್ತಲಿಲ್ಲ. ಬಸ್ಸಿಳಿದವನು ನೇರ ಮನೆಗೆ ಬಂದು ಚಿಲಕ ಹಾಕುತ್ತಿದ್ದ. ಬೀದಿಯವರು ಮೇಯರಣ್ಣ ಎನ್ನಲು ಶುರುಮಾಡಿದಾಗ ಹೊರಗೆ ನಗುತ್ತಿದ್ದ. ಒಳಗೆ ಬಂದು "ಅಣಕಿಸ್ತಾರೆ" ಎನ್ನುತ್ತಿದ್ದ, ಅಷ್ಟೇ. ಹಾಸಿಗೆ ಹಿಡಿದ ಮೇಲೆ ಒಮ್ಮೆ ಮಾತ್ರ ಗೋಡೆ ಕಡೆ ತಿರುಗಿಕೊಂಡು, "ನೀನು ಬೇಡಪ್ಪ ಅಂತ ಅವರು ಮೊದಲೇ ಹೇಳಿದ್ದಿದ್ರೆ ಏನೂ ಅನಿಸ್ತಿರಲಿಲ್ಲ," ಎಂದಿದ್ದ.

*

ಹೊರಗೆ ಶವದ ಗಾಡಿ ಬಂದು ನಿಂತಿತು. ಚಾಲಕ ತಲೆಬಗ್ಗಿಸಿ ಒಳಬಂದವನು ದರ್ಜಿಯನ್ನು ಕಂಡು ಕಣ್ಣು ಕಿರಿದು ಮಾಡಿದ.

"ಅಣ್ಣ, ನೀವಲ್ವಾ ಆವತ್ತು ಸ್ಕೂಟರಲ್ಲಿ ಬಂದಿದ್ದು? ನಮ್ಮಮ್ಮನ್ನ ಓಟಿಗೆ ಕರ್ಕೊಂಡು ಹೋಗಿದ್ರಿ. ನದಿ ಆಚೆ ಬಡಾವಣೆ."

"ಇರಬಹುದು," ಎಂದ ದರ್ಜಿ, ಸೂಜಿಗೆ ಗಮನ ಕೊಡುತ್ತಾ.

"ಇರಬಹುದು ಏನು ಬಂತು, ನೀವೇ. ಓಟು ಹಾಕಿ ಬಂದು ಅಮ್ಮ ತಲೆಸುತ್ತಿ ಬಿದ್ರಲ್ಲ? ಡಾಕ್ಟರ ಹತ್ರ ತೋರಿಸಿ ಮನೆಗೆ ಬಿಡೋ ಹೊತ್ತಿಗೆ ನಮ್ಮ ಬೀದಿ ದೀಪ ಹತ್ತಿತ್ತು. ಸಾಯೋವರೆಗೂ ನಿಮ್ಮನ್ನ ನೆನೀತಿದ್ರು." ಅವನು ಮಂಚದ ಕಡೆ ನೋಡಿ ಕೈಮುಗಿದ. "ಇವರಿಗೇ ಹಾಕಿದ್ದು ಅವರು."

ಹೆಂಡತಿ ತಲೆಯೆತ್ತಿದಳು. ಬೆಳಿಗ್ಗೆ ಮತಗಟ್ಟೆ ತೆರೆಯುವ ಮೊದಲೇ ದರ್ಜಿ ಗುಡ್ಡ ಇಳಿದಿದ್ದ, ಹೊತ್ತು ಮುಳುಗುವ ಮೊದಲೇ ಅದರ ಬಾಗಿಲು ಹಾಕಿದ್ದರು.

"ಮತ್ತೆ ನೀವು ಯಾವಾಗ ಹಾಕಿದ್ರಿ?"

ದರ್ಜಿಯ ಸೂಜಿ ನಿಂತಿತು.

"ಹಾಕಲಿಲ್ಲ ಅತ್ತಿಗೆ," ಎಂದ ಕೊನೆಗೆ. "ಬೀದಿಯೋರೆಲ್ಲ ಹಾಕಿರ್ತಾರೆ, ನಂದೊಂದು ಇಲ್ಲದಿದ್ರೆ ಏನಾಗುತ್ತೆ ಅಂದ್ಕೊಂಡೆ."

ಬೇಕರಿಯವಳು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. "ನೀವೂನಾ ಅಣ್ಣ?"

"ನೀವೂನಾ ಅಂದ್ರೆ?"

"ಇದೇ ಕೊನೇ ಟ್ರಿಪ್ಪು ಅಂತ ವ್ಯಾನಲ್ಲಿ ಇನ್ನೊಂದು ಸುತ್ತು ಹೋದೆ. ಆಮೇಲೆ ಮತ್ತೊಂದು. ವಾಪಸ್ ಬಂದಾಗ ಬೀಗ ಬಿದ್ದಿತ್ತು. ಟೀಚರು ಕೇಳಿದಾಗ ಹಾಕಿದೆ ಅಂದ್ಬಿಟ್ಟೆ, ನಾಚಿಕೆಗೆ."

"ಅಯ್ಯೋ, ನೀನೂ ಕೇಳಿದ್ಯಲ್ಲೇ ನನ್ನ, ಹಾಕಿದೆ ಅಂದೆ ನಾನೂ," ಎಂದರು ಟೀಚರು ಬಾಗಿಲ ಬಳಿಯಿಂದ. "ಸಂತೆ ಬೀದಿ ಸಾಲಲ್ಲಿ ಕೂಸುಗಳನ್ನ ಹಿಡ್ಕೊಂಡು ನಿಂತಿದ್ದೆ ನಾನು. ಒಂದಾದ ಮೇಲೊಂದು ಕೊಡ್ತಾನೇ ಇದ್ರು. ಎಣಿಕೆ ಕೇಳಿದಾಗ ಬೇರೆಯೋರು ಕೈ ಕೊಟ್ರು ಅಂತ ಸಿಟ್ಟು ಬಂತು. ಆದ್ರೆ ನಾನೇ ಹಾಕಿಲ್ಲ, ಯಾವ ಮುಖ ಇಟ್ಕೊಂಡು ಯಾರನ್ನ ಕೇಳಲಿ?"

ಹೆಂಡತಿಗೆ ಎಲ್ಲರನ್ನೂ ಹಿಡಿದು ಬಾರಿಸಬೇಕೆನ್ನಿಸಿತು. ಬಾಯಿ ತೆರೆದರೆ ಬಂದದ್ದು ನಗು. ಅದು ಅರ್ಧದಲ್ಲೇ ಅಳುವಾಯಿತು. ಇವನಿಗಾಗಿ ಊರೆಲ್ಲ ಅಲೆದವರು! ಒಂದೇ ಒಂದು ಸಂಜೆ ಈ ಮಾತು ಬಾಯಿಬಿಟ್ಟಿದ್ದರೆ ಅವನು ಎದ್ದು ಆ ಕಟ್ಟೆಗೆ ಹೋಗುತ್ತಿದ್ದ. ಅವಳೇ ಅವನ ಮಾತು ಮೀರಿ ಕೇಳಿದ್ದರೂ ಆಗುತ್ತಿತ್ತು.

ಅವಳು ಮಂಚದ ಮೇಲೆ ಬಾಗಿ ಅವನ ಕಿವಿಯ ಹತ್ತಿರ ಹೇಳಿದಳು. "ಕೇಳಿಸ್ತಾ ರೀ? ಅಣಕ ಅಲ್ವಂತೆ."

ಅವನ ಮುಖ ಇದ್ದ ಹಾಗೇ ಇತ್ತು. ಅವಳಿಗೆ ಅದು ಸಾಲಲಿಲ್ಲ. ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು.

"ಆವತ್ತು ಯಾರ್ಯಾರು ಹೀಗೆ ಹಾಕದೆ ಉಳಿದ್ರೋ ಎಲ್ರೂ ಕೈ ಎತ್ತಿ. ನಾನು ಬೈಯಲ್ಲ. ಇವರನ್ನ ಎತ್ತೋ ಮುಂಚೆ ಒಂದು ಸಲ ಎತ್ತಿಬಿಡಿ."

ಮೊದಲು ದರ್ಜಿಯ ಕೈ ಎದ್ದಿತು, ಬೆರಳುಗಳಲ್ಲಿ ಸೂಜಿದಾರ ಹಾಗೇ ಇತ್ತು. ನೆಲದಲ್ಲಿ ಕೂತಲ್ಲಿಂದಲೇ ಬೇಕರಿಯವಳು ಎತ್ತಿದಳು. ಟೀಚರು ಎತ್ತಿದರು. ಗೋಡೆಗೆ ಒರಗಿದ್ದವರು, ಹೊಸ್ತಿಲಲ್ಲಿ ನಿಂತವರು ಎತ್ತಿದರು. ಬಾಗಿಲಾಚೆ ಮೆಟ್ಟಿಲ ಮೇಲೆ, ಗಾಡಿಯ ಆಚೆ ಬದಿಯಲ್ಲಿ, ಬೀದಿಯ ತಿರುವಿನವರೆಗೂ, ಏನಂತೆ ಏನಂತೆ ಎಂದು ಒಬ್ಬರ ಕಿವಿಯಲ್ಲೊಬ್ಬರು ಕೇಳಿ ತಿಳಿದುಕೊಳ್ಳುತ್ತಾ, ತಲೆಗಳ ಮೇಲೆ ಕೈಗಳು ಏಳುತ್ತಲೇ ಇದ್ದವು.